ನನ್ನ ಗ್ರೂಪಿನಲ್ಲಿ ಯಾರಿಗೂ ಡೌಟಿಲ್ಲ

ಮಕ್ಕಳು ಡೌಟು ಕೇಳುವುದು ಮೇಷ್ಟ್ರುಗಳ ಪುಣ್ಯ. ಹಾಗೆ ನೋಡಿದರೆ ನನ್ನಂಥ ಪಾಪಿ ಮಸ್ಕಿಯಲ್ಲಿ ಇನ್ನೊಬ್ಬಳಿಲ್ಲ. ಹತ್ತನೇ ತರಗತಿಯವರ ಗಣಿತದ ಡೌಟುಗಳಿಗೆಂದು ಫೋನಿನಲ್ಲಿ ನಾನೊಂದು ಗ್ರೂಪ್ ತೆರೆದು ಆರು ತಿಂಗಳಾಯಿತು. ಇಡೀ ತರಗತಿಯೇ ಅದರಲ್ಲಿದೆ. ಇದುವರೆಗೆ ಬಂದ ಪ್ರಶ್ನೆ ಒಂದೇ: "ಮೇಡಂ, ನಾಳಿ ಸಾಲಿ ಸೂಟಿ ಐತೇನ್ರಿ?" ಅದಕ್ಕೂ ನಾನು, "ಇದು ಗಣಿತದ ಗ್ರೂಪು, ಮೊದಲು ಕ್ಯಾಲೆಂಡರ್ ನೋಡುವುದನ್ನು ಕಲಿ" ಎಂದು ಬರೆದಿದ್ದೆ. ಆಮೇಲೆ ಹಬ್ಬದ ಶುಭಾಶಯ ಬಿಟ್ಟರೆ ಏನೂ ಬಂದಿಲ್ಲ.

ಸಿಂಧನೂರಿನ ಗಣಿತ ಮೇಷ್ಟ್ರ ಗ್ರೂಪಿನಲ್ಲಿ ಜವಳಗೇರಾ, ಮುಕ್ಕುಂದದಂಥ ಸುತ್ತಲ ಊರುಗಳ ಮಕ್ಕಳೂ ಮುಗಿಬೀಳುತ್ತಾರಂತೆ. ಲಿಂಗಸುಗೂರಿನದಂತೂ ಜಾತ್ರೆ. ತರಬೇತಿಯಲ್ಲಿ ಸಿಕ್ಕ ಅಲ್ಲಿನ ಮೇಷ್ಟ್ರು ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದರಲ್ಲಿ ಫೋನು ಹಿಡಿದು, "ಹುಡುಗರು ಉಣ್ಣಾಕೂ ಬಿಡವಲ್ಲರು ನೋಡ್ರಿ ಮೇಡಂ" ಎಂದರು. ಮಾನ ಉಳಿಸಿಕೊಳ್ಳಲು ನಾನೂ ನನ್ನ ಫೋನು ತೆಗೆದು ಗಂಭೀರವಾಗಿ ಒತ್ತಿದೆ. ಬರುವಾಗ ಮೆಂತೆ ಪಲ್ಯ ತರಬೇಕೆಂದು ನಮ್ಮ ಮನೆಯವರು ಬರೆದಿದ್ದರು.

ಮನೆಗೆ ಬಂದು ಗೋಳು ತೋಡಿಕೊಂಡರೆ ಅವರು, "ಡೌಟಿಲ್ಲ ಅಂದ್ರ ನಿನ್ನ ಹುಡುಗರಿಗೆ ಎಲ್ಲಾ ಬರತೈತಿ ಅನ್ನು. ಮತ್ತ ಟೆಸ್ಟಿನಾಗ ಅರ್ಧಾ ಕ್ಲಾಸು ಯಾಕ ಫೇಲಾಗೇತಿ?" ಎಂದರು. ನನಗೆ ನಿಜವಾಗಿಯೂ ಅಳು ಬಂತು. ಪರೀಕ್ಷೆಗೆ ಎರಡೇ ತಿಂಗಳು ಉಳಿದಿತ್ತು.

ಲಿಂಗಸುಗೂರಿನ ಗುಟ್ಟೇನೆಂದು ನೋಡಿಯೇ ಬಿಡೋಣವೆಂದು ಮನೆಯವರ ನಂಬರಿನಿಂದ ಆ ಗ್ರೂಪಿಗೆ ಸೇರಿದೆ. ಸುಮಂಗಲಾ ಎಂಬ ನನ್ನ ಹೆಸರನ್ನು ಸುಮಾ ಎಂದು ಮೊಟಕು ಮಾಡಿ, ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಯಾಕಾಗುತ್ತದೆ ಎಂದು ಕೇಳಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ: "ಮೈನಸ್ ಅಂದ್ರ ಹಿಂದಕ್ಕ ತಿರುಗು ಅಂತ ತಿಳ್ಕೊ. ಎರಡು ಸಲ ತಿರುಗಿದ್ರ ಮತ್ತ ಮುಂದಕ್ಕ ನೋಡ್ತಿ. ನನಗೂ ಮೊದಲು ತಿಳಿದಿದ್ದಿಲ್ಲ, ಹೆದರಬ್ಯಾಡ."

ಹದಿನೈದು ವರ್ಷ ಪಾಠ ಮಾಡಿದರೂ ನನಗೆ ಹೀಗೆ ಹೇಳಲು ಹೊಳೆದಿರಲಿಲ್ಲ. ಹೆಸರು ನೋಡಿದೆ: ರೇಣುಕಾ, ಮಸ್ಕಿ. ನನ್ನದೇ ತರಗತಿಯ ಕಡೆಯ ಬೆಂಚಿನವಳು. ವರ್ಷವಿಡೀ ನನ್ನೆದುರು ಬಾಯಿ ಬಿಟ್ಟವಳಲ್ಲ. ಏನೂ ತಿಳಿಯದವಳಂತೆ, "ನಿಮ್ಮ ಮೇಡಂನ ಕೇಳಬಾರದೇನು?" ಎಂದು ಬರೆದೆ.

"ಕೇಳಿದ್ರ, ಎಂಟನೇ ಕ್ಲಾಸಿಂದು ಇಷ್ಟೂ ಬರಂಗಿಲ್ಲೇನು ಅಂತಾರ. ನಿಮ್ಮ ಮೇಡಂನೂ ಹಂಗ ಏನು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೌದು, ನಮ್ಮ ಮೇಡಂನೂ ಹಂಗ" ಎಂದು ಒತ್ತಿದೆ. ಅದಕ್ಕೆ ಹದಿನೇಳು ಹೆಬ್ಬೆರಳು ಬಿದ್ದವು, ಅವುಗಳಲ್ಲಿ ಹೆಚ್ಚಿನವು ಮಸ್ಕಿಯವೇ. ನನ್ನ ಯಾವ ಉತ್ತರವನ್ನೂ ನನ್ನ ಮಕ್ಕಳು ಇಷ್ಟು ಮೆಚ್ಚಿರಲಿಲ್ಲ.