ಬಿಟ್‌ರೇಟಿನ ಚೌಕಾಸಿ

ಪಾರ್ಸಲ್ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತಿಕೆ ಮಾಡಿದ್ದರಿಂದ ಹೆಂಡತಿಯ ತವರಿನವರೆಲ್ಲ ಅವರನ್ನು ಪಾರ್ಸಲ್ ಭಾವ ಎಂದೇ ಕರೆಯುತ್ತಿದ್ದರು. ಅವರಿಗೂ ಆ ಹೆಸರಿನ ಮೇಲೆ ಅಭಿಮಾನವೇ. ಈ ಜಗತ್ತಿನಲ್ಲಿ ತುರುಕಲಾಗದ ವಸ್ತು ಎಂಬುದಿಲ್ಲ, ತುರುಕಲು ಬಾರದ ಕೈಗಳಿವೆ ಅಷ್ಟೆ ಎನ್ನುವುದು ಅವರ ಜೀವನ ಸಿದ್ಧಾಂತ. ಅವರ ಮನೆಯ ಬೀರುವಿನ ಬಾಗಿಲು ತೆಗೆಯುವಾಗ ಹೆಂಡತಿ ಪಕ್ಕಕ್ಕೆ ಸರಿದು ನಿಂತು ತೆಗೆಯುತ್ತಿದ್ದಳು.

ಅವರಿಗೆ ಇನ್ನೊಂದು ಕೀರ್ತಿಯೂ ಇತ್ತು. ಇಪ್ಪತ್ತನಾಲ್ಕು ವರ್ಷದ ಹಿಂದೆ ನಡೆದ ನಾದಿನಿಯ ಮದುವೆಯನ್ನು ಒಬ್ಬರೇ ಹೊತ್ತು ನಡೆಸಿದ ಕೀರ್ತಿ. ಕೀರ್ತಿ ಎಂದರೆ, ಅವರೇ ಹೇಳಿಕೊಂಡು ಬಂದದ್ದು. ಆ ದಿನ ಓಡಾಡಿ ಓಡಾಡಿ ಹೊಸ ಬೂಟಿನ ಅಟ್ಟೆ ಸವೆದುಹೋಯಿತಂತೆ, ಕೂರಲು ಪುರುಸೊತ್ತಿಲ್ಲದೆ ಕಾಲು ಬಾತುಕೊಂಡಿತಂತೆ. ಕೇಳಿ ಕೇಳಿ ಮನೆಮಂದಿಯೆಲ್ಲ ನಂಬಿಬಿಟ್ಟಿದ್ದರು. ಹೆಂಡತಿಯೊಬ್ಬಳು ಮಾತ್ರ ಆ ಕಥೆ ಶುರುವಾದೊಡನೆ ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದಳು.

ಈಗ ಆ ನಾದಿನಿಯ ಮಗಳಿಗೇ ಮದುವೆ ಗೊತ್ತಾಗಿತ್ತು. ಉಸ್ತುವಾರಿ ಯಾರದು? ಮಾವನವರು ನಿವೃತ್ತ ಡ್ರಿಲ್ ಮೇಷ್ಟ್ರು, ಆ ಮನೆಯಲ್ಲಿ ಅವರು ಹೇಳಿದ್ದೇ ಕೊನೆ. ಅವರ ಮನಸ್ಸು ಔಷಧಿ ಅಂಗಡಿಯಿಟ್ಟಿದ್ದ ಮಗನ ಕಡೆ ವಾಲುತ್ತಿದೆ ಎಂಬ ಸುದ್ದಿ ಬಂದದ್ದೇ ತಡ, ಪಾರ್ಸಲ್ ಭಾವನಿಗೆ ಅನ್ನ ನೀರು ಸೇರದಾಯಿತು. ಆ ಪಟ್ಟ ಕೈತಪ್ಪಿದರೆ ಮಾವನ ಮನೆಯಲ್ಲಿ ತಮ್ಮನ್ನು ಕೇಳುವವರು ಯಾರು! ಆಗ ನೆನಪಾದವು, ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿಟ್ಟು ತೆಗೆಸಿದ್ದ ನಾದಿನಿಯ ಮದುವೆಯ ವೀಡಿಯೊ ಟೇಪುಗಳು. ಆಗೊಮ್ಮೆ ಅರ್ಧ ಗಂಟೆ ನೋಡಿ ಎತ್ತಿಟ್ಟದ್ದು, ಆಮೇಲೆ ಯಾರೂ ಮುಟ್ಟಿರಲಿಲ್ಲ. ಅವನ್ನು ಡಿಸ್ಕ್ ಮಾಡಿಸಿ ಎಲ್ಲರೆದುರು ಹಾಕಿದರೆ ತಮ್ಮ ಓಡಾಟಕ್ಕೆ ಬೇರೆ ಸಾಕ್ಷಿ ಬೇಕೇ?

"ಅದರಲ್ಲಿ ಏನಿದೆ ಅಂತ ಒಂದ್ಸಲ ನೋಡ್ಕೊಂಡು ಆಮೇಲೆ ಹಾಕಿ" ಎಂದಳು ಹೆಂಡತಿ.

"ನೋಡೋದೇನು? ನಾನೇ ಇದ್ನಲ್ಲ ಅಲ್ಲಿ" ಎಂದರು ಪಾರ್ಸಲ್ ಭಾವ.

ಬೀದಿ ಕೊನೆಯ ಸ್ಟುಡಿಯೊದವ ಟೇಪುಗಳನ್ನು ನೋಡಿ, ಒಟ್ಟು ಹತ್ತು ಗಂಟೆ, ಆರು ಡಿಸ್ಕಾದರೂ ಬೇಕು ಎಂದ. ಪಾರ್ಸಲ್ ಭಾವನ ವೃತ್ತಿಗೌರವಕ್ಕೆ ಪೆಟ್ಟು ಬಿತ್ತು. ಒಂದರಲ್ಲೇ ತುರುಕಿ ಎಂದರು. ಅವನು ತಾಳ್ಮೆಯಿಂದ ವಿವರಿಸಿದ. ಒಂದೊಂದು ಸೆಕೆಂಡಿನ ಚಿತ್ರಕ್ಕೂ ಡಿಸ್ಕಿನಲ್ಲಿ ಇಂತಿಷ್ಟು ಜಾಗ ಕೊಡಬೇಕು, ಅದಕ್ಕೆ ಬಿಟ್‌ರೇಟ್ ಅನ್ನುತ್ತಾರೆ, ಆರು ಇಟ್ಟರೆ ಚಿತ್ರ ಚೆನ್ನಾಗಿರುತ್ತದೆ, ಇಳಿಸಿದಷ್ಟೂ ಕೆಡುತ್ತದೆ. ಇಷ್ಟರಲ್ಲಿ ಪಾರ್ಸಲ್ ಭಾವನ ಕಿವಿಗೆ ಬಿದ್ದದ್ದು ಒಂದೇ ಪದ: ರೇಟ್. ರೇಟ್ ಎಂದ ಮೇಲೆ ಚೌಕಾಸಿ ಮಾಡದೆ ಬಿಡುವುದುಂಟೇ?

"ಆರು ಜಾಸ್ತಿಯಾಯ್ತು. ಎರಡಕ್ಕೆ ಮಾಡಿ."

"ಸಾರ್, ಇದು ದುಡ್ಡಿನ ರೇಟಲ್ಲ."

"ಒಂದೂವರೆ."

"ಮುಖಗಳೆಲ್ಲ ಒಡೆದು ಹೋಗುತ್ತೆ ಸಾರ್."

"ಏನ್ರೀ, ಗಿರಾಕಿ ಹತ್ರ ಮುಖ ಒಡೆಯೋ ಮಾತಾಡ್ತೀರಾ? ಒಂದು. ಅದಕ್ಕಿಂತ ಒಂದು ಚೂರೂ ಹತ್ತಲ್ಲ."

ಸ್ಟುಡಿಯೊದವ ಕನ್ನಡಕ ತೆಗೆದು ಒರೆಸಿಕೊಂಡ. ರಸೀದಿಯಲ್ಲಿ 'ಬಿಟ್‌ರೇಟ್ ಒಂದು, ಗಿರಾಕಿಯ ಒತ್ತಾಯದ ಮೇರೆಗೆ' ಎಂದು ಬರೆದು ಸಹಿ ಹಾಕಿಸಿಕೊಂಡ. ಆರು ಹೇಳಿದವನನ್ನು ಒಂದಕ್ಕೆ ಇಳಿಸಿದೆ ಎಂದು ಪಾರ್ಸಲ್ ಭಾವ ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಬಂದರು.

ಭಾನುವಾರ ಮಧ್ಯಾಹ್ನ ಮಾವನ ಮನೆಯ ಹಜಾರದಲ್ಲಿ ಎಲ್ಲರೂ ಸೇರಿದರು. ಪಾರ್ಸಲ್ ಭಾವ ಟೀವಿಯ ಪಕ್ಕ ನಿಂತು, ಸೇವೆಯ ಮಹತ್ವದ ಬಗ್ಗೆ ನಾಲ್ಕು ಮಾತಾಡಿ, ಡಿಸ್ಕ್ ಹಾಕಿದರು. ಮೂಡಿದ್ದು ಚೌಕಗಳು! ಕೆಂಪು ಚೌಕ, ಬಿಳಿ ಚೌಕ, ಯಾವ ಬಣ್ಣವಾಗಬೇಕೆಂದು ಇನ್ನೂ ತೀರ್ಮಾನಿಸದ ಚೌಕ. ಚೌಕಾಸಿಗೆ ತಕ್ಕ ಹಾಗೆ ಚೌಕಗಳೇ ಸಿಕ್ಕಿದ್ದವು. ಕೆಂಪು ಚೌಕಗಳ ರಾಶಿಯೊಂದು ಬಂದು ಬಿಳಿ ಚೌಕಗಳ ರಾಶಿಯ ಪಕ್ಕ ನಿಂತಿತು, ಎರಡೂ ಕಲಸಿಹೋದವು. ಅದು ತನ್ನ ಮದುವೆ ಎಂದು ತಿಳಿಯಲು ನಾದಿನಿಗೆ ಐದು ನಿಮಿಷ ಹಿಡಿಯಿತು. ತಿಳಿದ ಮೇಲೆ, ಹಾಗಾದರೆ ತಾನು ಕಟ್ಟಿಕೊಂಡದ್ದು ಇದರಲ್ಲಿ ಯಾವ ರಾಶಿಯನ್ನು ಎಂದು ಅಳುದನಿಯಲ್ಲಿ ಕೇಳಿದಳು. ಮಾವನವರು ತೀರಿಕೊಂಡ ತಮ್ಮ ಅಕ್ಕನನ್ನು ಮೂಲೆಯಲ್ಲಿ ಗುರುತಿಸಿ ಎದ್ದು ನಿಂತು ಕಣ್ಣೊರೆಸಿಕೊಂಡರು. ಅದು ಫ್ಯಾನಿನ ಗಾಳಿಗೆ ಹಾರುತ್ತಿದ್ದ ಕಿಟಕಿಯ ಪರದೆ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅಷ್ಟರಲ್ಲಿ ಟೀವಿಯ ಎಡಮೂಲೆಯಲ್ಲಿ ಒಂದು ಪವಾಡ ಕಂಡಿತು. ಅಷ್ಟೂ ಚೌಕಗಳ ನಡುವೆ ಒಬ್ಬ ಮನುಷ್ಯ! ಕಣ್ಣು, ಮೂಗು, ಬಾಚಿದ ಕ್ರಾಪು, ಕೋಟಿನ ಗುಂಡಿಯಿಂದ ಇಳಿಬಿದ್ದ ದಾರ, ಎಲ್ಲವೂ ಸ್ಪಷ್ಟ. ಮೆತ್ತನೆಯ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ ಆತ ಬೇರೆ ಯಾರೂ ಅಲ್ಲ, ಪಾರ್ಸಲ್ ಭಾವ. ನೋಡಿದ್ದೇ ಅವರು ಉಬ್ಬಿಹೋದರು.

ನಾದಿನಿಯ ಅಳು ಅಲ್ಲಿಗೆ ಕೋಪವಾಯಿತು. ಮದುವೆಗೆ ಬಂದವರನ್ನೆಲ್ಲ ಅಳಿಸಿಹಾಕಿ ಭಾವ ತಮ್ಮೊಬ್ಬರನ್ನೇ ಉಳಿಸಿಕೊಂಡಿದ್ದಾರೆ, ಸ್ಟುಡಿಯೊದವನ ಕೈ ಬೆಚ್ಚಗೆ ಮಾಡಿರಬೇಕು ಎಂದಳು. ಮಾವನವರ ಹುಬ್ಬು ಗಂಟಾಯಿತು. ಇಂಥ ಅಪವಾದವನ್ನು ಪಾರ್ಸಲ್ ಭಾವ ಸಹಿಸುತ್ತಾರೆಯೇ? ಅಲ್ಲೇ ಸ್ಟುಡಿಯೊದವನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ, ನಾನೊಬ್ಬನೇ ಯಾಕೆ ಚೆನ್ನಾಗಿ ಕಾಣುತ್ತೇನೆ ಹೇಳಿ ಎಂದು ಗದರಿದರು.

"ಸಾರ್, ಅಲ್ಲಾಡದೆ ಇರೋದನ್ನ ಒಂದ್ಸಲ ಬರೆದಿಟ್ರೆ ಸಾಕು, ಅದೇ ನಡೆಯುತ್ತೆ" ಎಂದ ಅವನು. "ಓಡಾಡೋರನ್ನ ಪ್ರತಿ ಸಲ ಹೊಸದಾಗಿ ಬರೀಬೇಕು, ಅದಕ್ಕೆ ಜಾಗ ಬೇಕು. ನೀವು ಕೊಟ್ಟಿದ್ದು ಒಂದು. ಅದಕ್ಕೇ ಓಡಾಡಿದೋರೆಲ್ಲ ಚೌಕ ಆಗ್ತಾರೆ. ಗೋಡೆ, ಕಂಬ, ಬೆಂಚು, ಇಂಥವೆಲ್ಲ ಚೆನ್ನಾಗಿ ಬಂದಿರುತ್ತೆ ನೋಡಿ. ಟೇಪು ನನ್ನ ಹತ್ರ ಭದ್ರವಾಗಿದೆ, ಬೇಕಾದ್ರೆ ಆರು ಡಿಸ್ಕ್ ಮಾಡಿಕೊಡ್ತೀನಿ."

"ಕೇಳಿಸ್ಕೊಂಡ್ರಾ ಎಲ್ಲರೂ?" ಎಂದು ಪಾರ್ಸಲ್ ಭಾವ ಎದೆ ಸೆಟೆಸಿದರು. "ನಂದೇನೂ ಮೋಸ ಇಲ್ಲ. ಯಾರು ಅಲ್ಲಾಡ್ಲಿಲ್ವೋ ಅವರು ಮಾತ್ರ..."

ಮಾತು ಅಲ್ಲಿಗೇ ನಿಂತಿತು. ತಾವೇನು ಹೇಳುತ್ತಿದ್ದೇವೆಂದು ಅವರಿಗೆ ಆಗ ಹೊಳೆಯಿತು. ಹೊಳೆದದ್ದು ಅವರಿಗೊಬ್ಬರಿಗೇ ಅಲ್ಲ.

ಹೆಂಡತಿ ಸುಮ್ಮನೆ ರಿಮೋಟ್ ತೆಗೆದುಕೊಂಡು ಚಿತ್ರವನ್ನು ವೇಗವಾಗಿ ಓಡಿಸಿದಳು. ಎರಡನೇ ಗಂಟೆ, ಪಾರ್ಸಲ್ ಭಾವ ಸೋಫಾದಲ್ಲಿ. ನಾಲ್ಕನೇ ಗಂಟೆ, ಸೋಫಾದಲ್ಲಿ. ಐದನೇ ಗಂಟೆಯಲ್ಲಿ ಕಾಲು ಬದಲಾಯಿಸಿದ್ದರು. ಹಸಿರು ಚೌಕಗಳ ಒಂದು ರಾಶಿ ಮಾತ್ರ ಕುರ್ಚಿ ಹೊತ್ತು, ತಟ್ಟೆ ಹೊತ್ತು, ಯಾರದೋ ಮಗುವನ್ನು ಹೊತ್ತು, ಆ ಸೋಫಾದ ಮುಂದೆ ನೂರು ಸಲ ಹಾದುಹೋಯಿತು.

"ಅದು ನಾನು" ಎಂದಳು ಹೆಂಡತಿ.

ಪಾರ್ಸಲ್ ಭಾವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹೆಂಡತಿ ಪಾತ್ರೆ ತೊಳೆಯಲು ಯಾಕೆ ಏಳುತ್ತಿದ್ದಳೆಂದು ಇಷ್ಟು ವರ್ಷಕ್ಕೆ ಅರ್ಥವಾಯಿತು. ಆರನೇ ಗಂಟೆಯಲ್ಲಿ ಸೋಫಾ ಇದ್ದಕ್ಕಿದ್ದಂತೆ ಖಾಲಿಯಾಗಿ, ಕೋಟಿನ ಬಣ್ಣದ ಚೌಕಗಳು ಒಂದರ ಮೇಲೊಂದು ಬೀಳುತ್ತಾ ಬಲಗಡೆಗೆ ಓಡಿದವು. ಮಾವನವರು ಆಸೆಯಿಂದ ಮುಂದಕ್ಕೆ ಬಾಗಿ, ಅಳಿಯಂದಿರು ಯಾವ ಕೆಲಸಕ್ಕೆ ಹೊರಟರೆಂದು ಕೇಳಿದರು.

"ಊಟಕ್ಕೆ ಕರೆದ್ರು ಅಪ್ಪ" ಎಂದಳು ಹೆಂಡತಿ.

ಮಾವನವರು ಟೀವಿ ಆರಿಸಿದರು. ಔಷಧಿ ಅಂಗಡಿಯ ಮಗ ಪಟ್ಟ ತನಗೇ ಎಂದು ಅಂಗಿಯ ಕಾಲರು ಸರಿಮಾಡಿಕೊಂಡ. ಆದರೆ ಮಾವನವರು ತಿರುಗಿದ್ದು ಪಾರ್ಸಲ್ ಭಾವನ ಕಡೆಗೆ. ಮೊಮ್ಮಗಳ ಮದುವೆಯ ಪೂರ್ತಿ ಉಸ್ತುವಾರಿ ಅವರದೇ ಎಂದರು. ಪಾರ್ಸಲ್ ಭಾವನಿಗೆ ನಂಬಲಾಗಲಿಲ್ಲ.

"ವೀಡಿಯೊ ಬೆಳಿಗ್ಗೆಯಿಂದ ತೆಗೆಸ್ತೀನಿ ಅಳಿಯಂದಿರೇ" ಎಂದರು ಡ್ರಿಲ್ ಮೇಷ್ಟ್ರು. "ಡಿಸ್ಕೂ ನಾನೇ ಮಾಡಿಸ್ತೀನಿ, ನಿಮ್ಮದೇ ರೇಟು, ಒಂದಕ್ಕೇ. ಅದರಲ್ಲಿ ನಿಮ್ಮ ಮುಖ ಒಂದು ಸಲವೂ ಕಾಣಿಸಕೂಡದು."