ಹೊಳೆಯುವ ಸೈಲೆನ್ಸರ್

ಹಾಸಿಗೆ ಮಾರುವವನ ಪಿಕಪ್ಪಿಗೆ ಇಪ್ಪತ್ತೆರಡು ವರ್ಷ, ಅದರ ಸೈಲೆನ್ಸರಿಗೆ ಏಳು ತೂತು. ಬೆಳಿಗ್ಗೆ ಅದನ್ನು ಸ್ಟಾರ್ಟ್ ಮಾಡಿದರೆ ಬೀದಿಯ ಕೂಸುಗಳೆಲ್ಲ ಒಟ್ಟಿಗೆ ಎದ್ದು ಅಳುತ್ತಿದ್ದವು. ಆ ದಿನ ಮಹಡಿಯ ಮೇಲಿದ್ದ ಮನೆಯೊಡತಿ ಬೆಚ್ಚಿಬಿದ್ದು, ಬಿಸಿ ಕಾಫಿಯನ್ನು ಮೈಮೇಲೆ ಚೆಲ್ಲಿಕೊಂಡು ಕೆಳಗಿಳಿದು ಬಂದಳು.

"ಸಂಜೆ ಆರರೊಳಗೆ ಈ ಸದ್ದು ಹೋಗ್ಬೇಕು. ಇಲ್ಲಾಂದ್ರೆ ನೀವು ಹೋಗ್ಬೇಕು, ಸಾಮಾನು ಸಮೇತ!"

ಹಾಸಿಗೆಯವನು ಅವಳ ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದ. ಈ ಎರಡು ಕೋಣೆ ಹುಡುಕುವಷ್ಟರಲ್ಲಿ ಎರಡು ಜೊತೆ ಚಪ್ಪಲಿ ಸವೆದಿದ್ದವು. ಹೊಸ ಸೈಲೆನ್ಸರ್ ತರಲು ಬಾವಮೈದನನ್ನು ಓಡಿಸಿ, ತಾನು ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ನುಸುಳಿದ.

ಬೋಲ್ಟುಗಳು ತುಕ್ಕು ಹಿಡಿದು ಕೊಳವೆಗೆ ಕಚ್ಚಿಕೊಂಡಿದ್ದವು. ಶಕ್ತಿಯೆಲ್ಲ ಬಿಟ್ಟು ತಿರುಗಿಸಿದರೆ ಬೋಲ್ಟ್ ಅಲುಗಲಿಲ್ಲ, ಹಾಸಿಗೆಯವನೇ ತಿರುಗಿದ. ಅಷ್ಟರಲ್ಲಿ ಗಾಡಿಯ ಸುತ್ತ ಕಾಲುಗಳು ಸೇರತೊಡಗಿದವು.

"ಎಣ್ಣೆ ಬಿಡ್ರೀ!"

"ಎಡಕ್ಕೆ ತಿರುಗಿಸಿ!"

"ನಿಮ್ಮ ಎಡಕ್ಕೋ, ನನ್ನ ಎಡಕ್ಕೋ?" ಎಂದು ಕೆಳಗಿನಿಂದ ಕೂಗಿದ.

ಎದುರುಮನೆಯ ಪೇಂಟರ್ ಬಗ್ಗಿ ನೋಡಿದ. "ನಾನೇನಾದ್ರೂ ಮಾಡ್ಲಾ ಅಣ್ಣಾ?"

"ಏನಾದ್ರೂ ಮಾಡು ಮಾರಾಯಾ, ಬಾಯೊಂದು ಮುಚ್ಚು!"

ಬಾವಮೈದ ಬಂದವನು, "ಬಾವಾ, ತಂದಿದ್ದೀನಿ. ಗೋಡೆಗೆ ಒರಗಿಸಿದ್ದೀನಿ," ಎಂದು ಕೂಗಿ ಕೆಲಸಕ್ಕೆ ಹೋದ. ಅದೇ ಗಳಿಗೆಯಲ್ಲಿ ಕೊನೆಯ ಬೋಲ್ಟ್ ಮುರಿದು, ಹಳೆಯ ಸೈಲೆನ್ಸರ್ ಹಿಡಿ ತುಕ್ಕಿನ ಸಮೇತ ಹಾಸಿಗೆಯವನ ಮುಖದ ಮೇಲೆ ಬಿತ್ತು. ಹೆಂಡತಿ ಅವನನ್ನು ಎಳೆದುಕೊಂಡು ಹೋಗಿ ಕಣ್ಣು ತೊಳೆದು, ಒದ್ದೆ ಬಟ್ಟೆ ಹಾಕಿ ಮಲಗಿಸಿದಳು. ದಣಿದಿದ್ದವನು ಎರಡು ಗಂಟೆ ಗೊರಕೆ ಹೊಡೆದ.

ಎದ್ದು ಬಂದು ನೋಡಿದರೆ ಗೋಡೆಗೆ ಒರಗಿ ಬೆಳ್ಳಿಯಂತೆ ಹೊಳೆಯುವ ಸೈಲೆನ್ಸರ್! ಬಾವಮೈದನ ಬಗ್ಗೆ ಮೊದಲ ಬಾರಿಗೆ ಅವನಿಗೆ ಪ್ರೀತಿ ಉಕ್ಕಿತು.

"ಹಳೇ ದರಿದ್ರಾನ ನಾನೇ ಗುಜರಿಯವನಿಗೆ ಸಾಗಹಾಕ್ದೆ," ಎಂದಳು ಮನೆಯೊಡತಿ ಮೇಲಿನಿಂದ.

ಹೊಸದು ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತಿತು. ಹೊಸ ಬೋಲ್ಟ್ ಬಿಗಿದು ಕೀಲಿ ತಿರುಗಿಸಿದ. ಸದ್ದೇ ಇಲ್ಲ! ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಬಾನೆಟ್ ಮುಟ್ಟಿ ನೋಡಬೇಕಾಯಿತು. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಮನೆಯೊಡತಿ ಕೆಳಗಿಳಿದು ಬಂದು, "ಆಯ್ತು, ಇರಿ. ಎಲ್ಲಿ, ಒಂದು ಸುತ್ತು ಹೋಗಿ ಬರೋಣ," ಎಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟಳು. ಸಂತೋಷಕ್ಕೆ ಹಾಸಿಗೆಯವನ ಕಣ್ಣು ತುಂಬಿತು.

ಅರ್ಧ ಬೀದಿ ಸುತ್ತುವಷ್ಟರಲ್ಲಿ ಸೈಲೆನ್ಸರ್ ಕಾದಿತು. ಢಂ! ಬಿಳಿಯ ಹೆಂಟೆಯೊಂದು ಹಾರಿ ತರಕಾರಿ ಗಾಡಿಗೆ ಬಡಿಯಿತು. ಢಂ! ಇನ್ನೊಂದು. ಒಟ್ಟು ಏಳು. ಆಮೇಲೆ ಹಳೆಯ ಆರ್ಭಟವೇ ಮತ್ತೆ ಶುರುವಾಯಿತು.

ಪೇಂಟರ್ ತಲೆ ಕೆರೆಯುತ್ತ ಓಡಿಬಂದ. "ಅಯ್ಯೋ, ಗೋಡೆ ಪುಟ್ಟಿ ಅಣ್ಣಾ, ಇಷ್ಟು ಕಾವು ತಡೆಯಲ್ಲ ಅಂತ ಗೊತ್ತಿರ್ಲಿಲ್ಲ. ಏನಾದ್ರೂ ಮಾಡು ಅಂದ್ರಲ್ಲ, ಹಳೇದರ ತೂತಿಗೆಲ್ಲ ಪುಟ್ಟಿ ಬಡಿದು ಬೆಳ್ಳಿ ಬಣ್ಣ ಹೊಡೆದೆ. ಗುಜರಿಗಾದ್ರೂ ಚೆನ್ನಾಗಿ ಕಾಣ್ಲಿ ಅಂತ! ಅದ್ಸರಿ, ನಿಮ್ಮ ಬಾವಮೈದ ಗೋಣಿಚೀಲದಲ್ಲಿ ತಂದಿಟ್ಟ ಹೊಸದನ್ನ ಯಾಕೆ ಹಾಕ್ಲಿಲ್ಲ?"

ಮನೆಯೊಡತಿಯ ಮುಖ ಬಿಳಿಚಿತು. "ಗೋಣಿಚೀಲದ್ದೇ... ಹಳೇದು ಅಂದ್ಕೊಂಡೆ," ಎಂದಳು ಮೆಲ್ಲಗೆ.

ಹಾಸಿಗೆಯವನಿಗೆ ಜೀವ ಬಂತು. "ಹಾಗಾದ್ರೆ ತಪ್ಪು ನಿಮ್ದೇ ಅಲ್ವೇ ಅಮ್ಮಾ?" ಎಂದುಬಿಟ್ಟ, ಬೀದಿಯವರೆಲ್ಲರ ಎದುರಿಗೆ.

ಅದೊಂದನ್ನು ಅವನು ಹೇಳಬಾರದಿತ್ತು. ಬಿಳಿಚಿದ್ದ ಮುಖ ಕೆಂಪಾಯಿತು.

"ಗಂಟೆ ಎಷ್ಟು?" ಎಂದಳು ಮನೆಯೊಡತಿ.

"ಐದೂಕಾಲು," ಎಂದ ಪೇಂಟರ್, ಯಾರೂ ಅವನನ್ನು ಕೇಳಿರಲಿಲ್ಲ.

ಆರಕ್ಕೆ ಸರಿಯಾಗಿ ಪಿಕಪ್ ಮಂಚ, ಪಾತ್ರೆ, ಹೆಂಡತಿಯನ್ನು ಹೇರಿಕೊಂಡು ಹೊರಟಿತು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಹಾಸಿಗೆಯವನು ಕೈ ಬೀಸಿದ. ತಿರುಗಿ ಬೀಸಲು ಯಾರ ಕೈಯೂ ಬಿಡುವಾಗಿರಲಿಲ್ಲ; ಎಲ್ಲರೂ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಿದ್ದರು.