ಕೆಂಪು ಗುಂಡಿ ಎಳೆದವರು

ವಿಮಾನ ಹಾರಿಸಲು ಕಲಿಸುವವನ ಬದುಕು ಬಹಳ ಗಂಭೀರವಾಗಿರುತ್ತದೆ ಎಂದು ಜನ ನಂಬಿದ್ದಾರೆ. ಪಾಣೆಮಂಗಳೂರಿನವನಾದ ನಾನು ಘಟ್ಟದ ಮೇಲಿನ ಒಂದು ಸಣ್ಣ ತರಬೇತಿ ಶಾಲೆಯಲ್ಲಿ ಅದೇ ಕೆಲಸ ಮಾಡಿಕೊಂಡಿದ್ದೇನೆ. ಗಂಭೀರವಾಗಿರಲು ನಾನು ತಯಾರಿದ್ದರೂ ನಮ್ಮೂರಿನವರು ಬಿಡಬೇಕಲ್ಲ!

ರಜೆಯ ಕೆಲಸ

ಊರಿಗೆ ಬಂದಿದ್ದಾಗ ನರಿಕೊಂಬಿನ ಭಾವ ಕೇಳಿದರು, "ನಿನ್ನ ವಿಮಾನದಲ್ಲಿ ಎಂಥ ಇಂಜಿನ್ ಉಂಟು ಮಾರಾಯ?"

ಸತ್ಯ ಹೇಳಿ ಕೆಟ್ಟೆ. "ಸಣ್ಣ ವಿಮಾನ ಭಾವ. ಹಳೇ ಸ್ಕೂಟರಿನ ಹಾಗೆ ಪೆಟ್ರೋಲು, ಕಾರ್ಬೊರೇಟರು. ಮೇಲೆ ಹೋದ ಹಾಗೆ ಗಾಳಿ ತೆಳುವಾಗ್ತದೆ. ಆಗ ಒಂದು ಕೆಂಪು ಗುಂಡಿ ಎಳೆದು ಪೆಟ್ರೋಲನ್ನೂ ಕಡಿಮೆ ಮಾಡ್ಬೇಕು."

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಹುಲ್ಲು ಕತ್ತರಿಸುವ ಮಿಷನ್ನುಗಳು, ಅಡಿಕೆಗೆ ಮದ್ದು ಬಿಡುವ ಪಂಪು, ಯಾರದೋ ಮುದಿ ಸ್ಕೂಟರು ರಿಪೇರಿಗೆಂದು ಸಾಲಾಗಿ ನಿಂತಿದ್ದವು. ಮಧ್ಯಾಹ್ನದವರೆಗೆ ಹಗ್ಗ ಎಳೆದೂ ಎಳೆದೂ ನನ್ನ ಭುಜ ಬಿದ್ದುಹೋಯಿತು. ಒಂದೂ ಸ್ಟಾರ್ಟ್ ಆಗಲಿಲ್ಲ. ಒಳಗೆ ಭಾವ ಅಕ್ಕನಿಗೆ ಮೆಲ್ಲಗೆ ಹೇಳುವುದು ಕೇಳಿಸಿತು: "ನೀನು ಮಾತ್ರ ಇವನ ವಿಮಾನ ಹತ್ತಬೇಡ."

ಷರತ್ತು

ಮೂಡುಬಿದಿರೆ ರೂಟಿನಲ್ಲಿ ಬಸ್ಸು ಓಡಿಸುವ ವೇಣೂರಿನ ಮಾಲಕರೊಬ್ಬರು ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬಂದರು. ವಿಮಾನಕ್ಕೆ ಒಂದು ಸುತ್ತು ಬಂದು, ಟಯರಿಗೆ ಒದ್ದು ನೋಡಿ, ನನ್ನೆದುರೇ ಮಗಳಿಗೆ ಹೇಳಿದರು, "ಮಳೆಗಾಲದ ಮೊದಲು ನೀನು ಒಬ್ಬಳೇ ಹಾರಿಸ್ಬೇಕು. ಆಗ್ಲಿಲ್ಲವಾ, ವಾಪಸ್ ಬಂದು ಬಸ್ ಆಫೀಸಲ್ಲಿ ಕೂತ್ಕೊ."

ಹುಡುಗಿಯ ಮುಖ ಸಣ್ಣಗಾಯಿತು. ಅವಳಿಗೆ ಬೇಕಾದದ್ದು ಆಕಾಶ. ಹೇಗಾದರೂ ಇವಳನ್ನು ಹಾರಿಸಲೇಬೇಕು ಎಂದು ನನಗೂ ಹಟ ಬಂತು.

ಮಾಲಕರ ಲಕ್ಷ್ಯ ಮಾತ್ರ ವಿಮಾನದೊಳಗೇ ಇತ್ತು. "ಸೀಟು ಎರಡೇನಾ ಮಾಷ್ಟ್ರೇ? ನಿಂತುಕೊಂಡು ಹೋಗುವವರಿಗೆ ಹಿಂದೆ ಜಾಗ ಉಂಟಾ?"

ಗೊಣಗುವವರೆಗೆ

ಹುಡುಗಿ ಚುರುಕು. ಆದರೆ ಕೆಂಪು ಗುಂಡಿ ಎಂದರೆ ಹೆದರಿಕೆ. ಎಷ್ಟು ಎಳೆಯಬೇಕೆಂದು ಗೊತ್ತಾಗದೆ ಅದನ್ನು ಮುಟ್ಟುತ್ತಲೇ ಇರಲಿಲ್ಲ.

"ನಿಧಾನ ಎಳಿ," ಎಂದೆ. "ಇಂಜಿನ್ ಗೊಣಗಲು ಶುರು ಮಾಡ್ತದೆ. ಗೊಣಗಿದ ಕೂಡಲೇ ಸ್ವಲ್ಪ ಒಳಗೆ ತಳ್ಳು. ಸಮಾಧಾನ ಆಗ್ತದೆ. ಅಲ್ಲಿಗೆ ಬಿಡು."

ಅವಳ ಮುಖ ಅರಳಿತು. "ಓ, ಇಷ್ಟೇನಾ ಸರ್! ಅಮ್ಮನ ಹತ್ತಿರ ಅಪ್ಪ ದಿನಾ ಮಾಡುವುದು ಇದನ್ನೇ!"

ಇಳಿಜಾರು

ಮಳೆ ಹತ್ತಿರವಾಗಿತ್ತು. ನನ್ನ ಜೊತೆಗಿನ ಕೊನೆಯ ಹಾರಾಟ ಸರಿಹೋದರೆ ಅವಳನ್ನು ಒಬ್ಬಳೇ ಕಳಿಸುವುದೆಂದು ತೀರ್ಮಾನಿಸಿದ್ದೆ. ನೋಡಲು ಅವಳ ಅಪ್ಪನೂ ಬಂದು ಕೆಳಗೆ ನಿಂತಿದ್ದರು. ಏರಿದ್ದು ಚಂದ, ತಿರುಗಿಸಿದ್ದು ಚಂದ. ಇಳಿಯಲು ಮೂತಿ ತಗ್ಗಿಸಿದವಳೇ ಕೆಂಪು ಗುಂಡಿಯನ್ನು ಪೂರ್ತಿ ಹೊರಗೆಳೆದುಬಿಟ್ಟಳು.

ಪೆಟ್ರೋಲು ಬಂದ್. ಇಂಜಿನ್ ಶಬ್ದವೂ ಬಂದ್. ಗಾಳಿಯ ಸುಂಯ್ ಒಂದೇ. ಪುಣ್ಯಕ್ಕೆ ಎತ್ತರವಿತ್ತು, ಮುಂದಿನ ಪಂಖವೂ ಗಾಳಿಗೆ ತಿರುಗುತ್ತಿತ್ತು. ಗುಂಡಿಯನ್ನು ಒಳಗೆ ದೂಡಿದೆ. ಇಂಜಿನ್ ಕೆಮ್ಮಿ, ಮತ್ತೆ ಹಿಡಿಯಿತು.

"ಎಂಥ ಮಾಡಿದ್ದು ನೀನು?"

"ಇಳಿಜಾರಲ್ವಾ ಸರ್?" ಅವಳಿಗೆ ಆಶ್ಚರ್ಯ. "ಬೆಳ್ತಂಗಡಿಯಾಚೆ ಘಾಟಿ ಇಳಿಯುವಾಗ ಅಪ್ಪ ಜೀಪಿನ ಇಂಜಿನ್ ಆಫ್ ಮಾಡ್ತಾರೆ. ನನಗೆ ಜೀಪು ಕಲಿಸಿದ್ದೂ ಹಾಗೆಯೇ."

ಇಳಿದ ಮೇಲೆ ನಡೆದದ್ದನ್ನು ಅಪ್ಪನಿಗೆ ಹೇಳಿದೆ. ಅವರು ಕೆಂಡಾಮಂಡಲವಾದರು. ಸದ್ಯ, ಇವರಿಗಾದರೂ ಅರ್ಥವಾಯಿತಲ್ಲ ಎಂದುಕೊಂಡೆ.

"ಎಷ್ಟು ಸಲ ಹೇಳಿದ್ದೇನೆ ನಿನಗೆ?" ಎಂದು ಮಗಳ ಮೇಲೆ ಹಾರಿದರು. "ಜನ ಕೂತಿರುವಾಗ ಹಾಗೆ ಮಾಡಬಾರದು! ಒಬ್ಬಳೇ ಇರುವಾಗ ಮಾತ್ರ!"

ಒಬ್ಬಳೇ ಕಳಿಸುವ ಯೋಜನೆ ಅಲ್ಲೇ ನಿಂತಿತು. ಅವಳು ಅತ್ತಳು. ನನಗೂ ಸಂಕಟವಾಯಿತು. ಆ ವಾರವಿಡೀ ಇಳಿಯುವುದೊಂದನ್ನೇ ಮಾಡಿಸಿದೆ. ಒಂದು ಸಲವೂ ಅವಳ ಕೈ ಗುಂಡಿ ಎಳೆಯಲು ಹೋಗಲಿಲ್ಲ. ಕೊನೆಗೆ, ಮೋಡ ಕಟ್ಟುವ ಮೊದಲೇ, ಒಂದು ಬೆಳಿಗ್ಗೆ ಅವಳನ್ನು ಒಬ್ಬಳೇ ಕಳಿಸಿದೆ.

ನಾನೂ ಅವಳ ಅಪ್ಪನೂ ಕೆಳಗೆ ನಿಂತು ನೋಡುತ್ತಿದ್ದೆವು. ವಿಮಾನ ಇಳಿಯತೊಡಗಿತು. ನನ್ನ ಕಿವಿಯೆಲ್ಲ ಶಬ್ದದ ಕಡೆಗೇ. ಚಕ್ರ ನೆಲ ಮುಟ್ಟುವವರೆಗೂ ಇಂಜಿನ್ ಗುರುಗುಟ್ಟುತ್ತಲೇ ಇತ್ತು. ನನ್ನ ಕಣ್ಣು ತುಂಬಿತು. ಪಕ್ಕಕ್ಕೆ ನೋಡಿದರೆ ಅಪ್ಪನ ಕಣ್ಣೂ ತುಂಬಿತ್ತು.

"ಗೆದ್ದಳು ನಿಮ್ಮ ಮಗಳು," ಎಂದೆ.

ಅವರು ಶಾಲಿನಲ್ಲಿ ಕಣ್ಣೊರೆಸಿಕೊಂಡು ನಿಟ್ಟುಸಿರು ಬಿಟ್ಟರು. "ಅದೆಲ್ಲ ಸರಿ ಮಾಷ್ಟ್ರೇ. ಆದರೆ ಅಷ್ಟು ಒಳ್ಳೇ ಇಳಿಜಾರು, ಸುಮ್ಮನೆ ಪೆಟ್ರೋಲು ದಂಡ!"